ಎರಡು ಸಾವಿರ ರೂಪಾಯಿ ಜಾಮೀನು

ನಾಗಪುರದಲ್ಲಿ ಪಾಗಲಖಾನಾ ಚೌಕ್ ಅಂತ ಒಂದು ಚೌಕ್ ಇದೆ. ಆಟೋದವರು, ಬಸ್ ಕಂಡಕ್ಟರರು ಯಾವ ಸಂಕೋಚವೂ ಇಲ್ಲದೆ ಆ ಹೆಸರು ಕೂಗುತ್ತಾರೆ. ಪ್ರಾದೇಶಿಕ ಮನೋರುಗ್ಣಾಲಯ ಅಂತ ದೊಡ್ಡ ಬೋರ್ಡು ಬರೆಸಿ ಎಷ್ಟೋ ವರ್ಷ ಆದರೂ ಊರಿನ ಬಾಯಲ್ಲಿ ಅದು ಪಾಗಲಖಾನಾನೇ. ನಮ್ಮ ಕಡೆ "ಇವನ್ನ ಧಾರವಾಡಕ್ಕ ಕಳಸಬೇಕು ನೋಡ್ರಿ" ಅಂದರೆ ವಿಶ್ವವಿದ್ಯಾಲಯಕ್ಕಲ್ಲ ಅಂತ ಎಲ್ಲರಿಗೂ ಅರ್ಥವಾಗುತ್ತದಲ್ಲ, ಹಾಗೆ. ಧಾರವಾಡದ ಆಸ್ಪತ್ರೆ 1845ರದು. ನಾಗಪುರದ್ದು 1864ರದು. ಭೋಸಲೆಯವರ ರಾಜ್ಯವನ್ನು 1854ರಲ್ಲಿ ಡಾಲ್‌ಹೌಸಿ ಕಸಿದುಕೊಂಡ, 1861ರಲ್ಲಿ ಮಧ್ಯ ಪ್ರಾಂತ್ಯ ಅಂತ ಆಯಿತು, ಮೂರೇ ವರ್ಷಕ್ಕೆ ಹುಚ್ಚಾಸ್ಪತ್ರೆ ಬಂತು. ಕಚೇರಿ, ಜೈಲು, ಖಜಾನೆ, ಹುಚ್ಚಾಸ್ಪತ್ರೆ: ಇಂಗ್ಲಿಷರ ಆಡಳಿತ ಎಲ್ಲಿಗೆ ಹೋದರೂ ಈ ಸಾಮಾನು ಜೊತೆಗೆ ಹೋಗುತ್ತಿತ್ತು.

ಆದರೆ ಧಾರವಾಡದಲ್ಲಿ ಇಲ್ಲದ ಒಂದು ಸಂಗತಿ ನಾಗಪುರದ ಆಸ್ಪತ್ರೆಯ ಆವರಣದಲ್ಲಿದೆ. ಅಲ್ಲಿ ಒಬ್ಬ ಫಕೀರನ ಹೆಸರಿನ ದರಬಾರು ಇದೆ. ಭಕ್ತರು ಅದನ್ನು 'ಪಾಗಲಖಾನಾ ಶರೀಫ್' ಅನ್ನುತ್ತಾರೆ. ಹುಚ್ಚಾಸ್ಪತ್ರೆಗೆ 'ಶರೀಫ್' ಅಂತ ಗೌರವದ ಪದ ಸೇರಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಅಜ್ಮೀರ್ ಶರೀಫ್, ಕಲಬುರ್ಗಿ ಶರೀಫ್ ಕೇಳಿ ಬೆಳೆದವನಿಗೆ ಮೊದಲ ಸಲ ಇದು ಯಾರೋ ಮಾಡಿದ ತಮಾಷೆ ಅನ್ನಿಸಿತ್ತು. ತಮಾಷೆಯಲ್ಲ. ಆ ಫಕೀರ ತಾಜುದ್ದೀನ್ ಬಾಬಾ. ಈ ಕಟ್ಟಡಗಳ ಒಳಗೆ ಸುಮಾರು ಹದಿನಾರು ವರ್ಷ ಇದ್ದವರು. ಭಕ್ತರಾಗಿ ಅಲ್ಲ, ರೋಗಿಯಾಗಿ.

ಬಾಬಾ ಹುಟ್ಟಿದ್ದು 1861ರಲ್ಲಿ, ನಾಗಪುರಕ್ಕೆ ಹತ್ತಿರದ ಕಾಮಠಿ ದಂಡಿನ ಊರಿನಲ್ಲಿ. ಚಿಕ್ಕಂದಿನಲ್ಲೇ ತಂದೆತಾಯಿ ಇಲ್ಲದಾಗಿ ಅಜ್ಜಿಯ ಮನೆಯಲ್ಲಿ ಬೆಳೆದರು. ದೊಡ್ಡವರಾದ ಮೇಲೆ ಇಂಗ್ಲಿಷರ ಪಲ್ಟನ್ ಸೇರಿದರು. ಪಲ್ಟನ್ ಸಾಗರಕ್ಕೆ ಹೋಯಿತು. ನಮ್ಮ ಶಿವಮೊಗ್ಗದ ಸಾಗರ ಅಲ್ಲ, ಈಗಿನ ಮಧ್ಯಪ್ರದೇಶದ ಸಾಗರ. ಅಲ್ಲಿ ದಾವೂದ್ ಮಕ್ಕಿ ಎಂಬ ಸಂತರ ಸಮಾಧಿಯಲ್ಲಿ ರಾತ್ರಿಯಿಡೀ ಕೂತಿರುತ್ತಿದ್ದರಂತೆ. ಕಡೆಗೆ ನೌಕರಿ ಬಿಟ್ಟು, ಅರಿವೆಯ ಖಬರಿಲ್ಲದೆ ಕಾಮಠಿಯ ಬೀದಿಗಳಲ್ಲಿ ಅಲೆಯತೊಡಗಿದರು. ಹುಡುಗರು ಕಲ್ಲು ಹೊಡೆದರು. ಕೆಲವರು ಕಾಲಿಗೆ ಬಿದ್ದರು. ಇವು ಎರಡೂ ಒಟ್ಟಿಗೇ ನಡೆದವು ಅನ್ನುವುದನ್ನು ನೆನಪಿಡಬೇಕು. 1892ರಲ್ಲಿ ದಂಡಿನ ದೊರೆಗಳ ಹೆಂಡಂದಿರು ಟೆನಿಸ್ ಆಡುವ ಕಡೆ ಬರಿಮೈಯಲ್ಲಿ ಹೋದರು, ಅದಕ್ಕೇ ಹಿಡಿಸಿ ಹುಚ್ಚಾಸ್ಪತ್ರೆಗೆ ಹಾಕಿದರು ಅಂತ ಒಂದು ಕಥೆ. ಜನರ ಕಾಟ ತಪ್ಪಿಸಿಕೊಳ್ಳಲು, ಪಾಗಲಖಾನೆಗೆ ಹೋಗುತ್ತೇನೆ ಅಂತ ಹೇಳಿಯೇ ಹೋದರು ಅಂತ ಭಕ್ತರ ಕಥೆ. ಎರಡು ಕಥೆಗೂ ಜಗಳವೇನಿಲ್ಲ, ಎರಡೂ ನಿಜ ಇರಬಹುದು.

ಕಾನೂನಿನ ಕಡೆಯಿಂದ ನೋಡಿದರೆ ವಿಷಯ ಸರಳ. ಆಗ ಇದ್ದದ್ದು 1858ರ ಹುಚ್ಚಾಸ್ಪತ್ರೆ ಕಾಯಿದೆ. ಬೀದಿಯಲ್ಲಿ ಅಲೆಯುವ ಹುಚ್ಚರನ್ನು ಪೊಲೀಸರು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಡಾಕ್ಟರು ಸರ್ಟಿಫಿಕೇಟು ಕೊಟ್ಟರೆ ಮ್ಯಾಜಿಸ್ಟ್ರೇಟರು ಒಳಗೆ ಕಳಿಸಬೇಕು. ಚಿಕಿತ್ಸೆ ಅನ್ನುವಂಥದು ಹೆಚ್ಚೇನೂ ಇರಲಿಲ್ಲ. ಮನೋರೋಗಕ್ಕೆ ನಾಟುವಂಥ ಮೊದಲ ಗುಳಿಗೆ, ಕ್ಲೋರ್‌ಪ್ರೊಮಜೀನ್, ಬಳಕೆಗೆ ಬಂದದ್ದೇ 1952ರಲ್ಲಿ. ಅಲ್ಲಿಯತನಕ ಆಸ್ಪತ್ರೆ ಅಂದರೆ ಗೋಡೆ, ಬೀಗ, ಎರಡು ಹೊತ್ತಿನ ಊಟ. ಆದ್ದರಿಂದ ಬಾಬಾರಿಗೆ ಕಾಯಿಲೆ ಇತ್ತೋ ಇಲ್ಲವೋ, ಅದು ವಾಸಿಯಾಯಿತೋ ಇಲ್ಲವೋ ಅಂತ ಈಗ ಕೂತು ತೀರ್ಪು ಕೊಡುವುದರಲ್ಲಿ ನನಗೆ ಆಸಕ್ತಿ ಇಲ್ಲ. ಸತ್ತವರ ನಾಡಿ ಹಿಡಿಯಬಾರದು.

ಆಸಕ್ತಿ ಇರುವುದು ಬೇರೆ ಕಡೆ. ಒಳಗೆ ಹೋದ ಮನುಷ್ಯನನ್ನು ನೋಡಲು ಹೊರಗಿನಿಂದ ಜನ ಬರತೊಡಗಿದರು. ಸಂಬಂಧಿಕರಲ್ಲ, ಊರ ಜನ. ಕಾಯಿಲೆ ಹೇಳಿಕೊಳ್ಳಲು, ಕೋರ್ಟು ಕೇಸು ಹೇಳಿಕೊಳ್ಳಲು, ಮಕ್ಕಳಾಗಲಿಲ್ಲ ಅಂತ ಅಳಲು. ಯಾರನ್ನು ಸರಕಾರ ಹುಚ್ಚ ಅಂತ ಪುಸ್ತಕದಲ್ಲಿ ಬರೆದುಕೊಂಡಿತ್ತೋ ಅವರ ಹತ್ತಿರ ಊರು ಬುದ್ಧಿವಾದ ಕೇಳಲು ಬರುತ್ತಿತ್ತು. ಒಂದೇ ಆವರಣದಲ್ಲಿ ಎರಡು ಲೆಕ್ಕದ ಪುಸ್ತಕ ಇದ್ದ ಹಾಗೆ, ಒಂದಕ್ಕೊಂದು ತಾಳೆಯಾಗದೆ ಹದಿನಾರು ವರ್ಷ ನಡೆದವು.

1908ರಲ್ಲಿ ಅವರು ಹೊರಗೆ ಬಂದರು. ಬಿಡಿಸಿದ್ದು ರಾಜಾ ರಘೂಜಿರಾವ್ ಭೋಸಲೆ. ರಾಜ್ಯ ಹೋಗಿ ಅರ್ಧ ಶತಮಾನ ದಾಟಿದ್ದರೂ ಶಕ್ಕರದರಾದಲ್ಲಿ ಅರಮನೆ ಇತ್ತು, ಊರಿನಲ್ಲಿ ಮಾನ ಇತ್ತು. ಎರಡು ಸಾವಿರ ರೂಪಾಯಿ ಜಾಮೀನು ಕೊಟ್ಟು ಬಾಬಾರನ್ನು ತಮ್ಮ ಅರಮನೆಗೇ ಕರೆದುಕೊಂಡು ಹೋದರು. ಹಿಂದೂ ಮರಾಠಾ ರಾಜ, ಮುಸಲ್ಮಾನ ಫಕೀರ, ಇಂಗ್ಲಿಷ್ ಸರಕಾರ. ಇದನ್ನು ನಾಗಪುರದಲ್ಲಿ ಎಲ್ಲರೂ ಸೌಹಾರ್ದದ ಕಥೆಯಾಗಿ ಹೇಳುತ್ತಾರೆ, ಹೇಳಲಿ, ಒಳ್ಳೆಯದೇ. ನಾನು ಬ್ಯಾಂಕಿನವನು. ನನ್ನ ಕಣ್ಣು ಹೋದದ್ದು ಜಾಮೀನಿನ ಮೇಲೆ.

ಆಗ ಒಂದು ಸವರನ್ನಿಗೆ ಹದಿನೈದು ರೂಪಾಯಿ. ಅಂದರೆ ಎರಡು ಸಾವಿರ ಅಂದರೆ 133 ಸವರನ್, ಹತ್ತಿರ ಹತ್ತಿರ ಒಂದು ಕಿಲೋ ಬಂಗಾರ. ಇದು ಕಾಣಿಕೆ ಅಲ್ಲ, ದಾನ ಅಲ್ಲ. 1858ರ ಕಾಯಿದೆಯಲ್ಲೇ ದಾರಿ ಇತ್ತು: ಸಂಬಂಧಿಯೋ ಸ್ನೇಹಿತನೋ ಮುಂದೆ ಬಂದು, ಈ ಮನುಷ್ಯನನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ, ಇವನಿಂದ ತನಗಾಗಲಿ ಇನ್ನೊಬ್ಬರಿಗಾಗಲಿ ಅಪಾಯವಾಗದ ಹಾಗೆ ಕಾಯುತ್ತೇನೆ ಅಂತ ಬರೆದುಕೊಟ್ಟು ಭದ್ರತೆ ಇಟ್ಟರೆ ಅವನ ವಶಕ್ಕೆ ಬಿಡಬಹುದು. ಸಾಲಕ್ಕೆ ಜಾಮೀನು ನಿಲ್ಲುವವರನ್ನು ಮೂವತ್ತು ಚಿಲ್ಲರೆ ವರ್ಷ ಎದುರಿಗೆ ಕೂಡಿಸಿಕೊಂಡು ನೋಡಿದ್ದೇನೆ. ರುಜು ಹಾಕುವಾಗ "ಬರೇ ಹೆಸರಿಗಲ್ರೀ?" ಅಂತ ಕೇಳುತ್ತಾರೆ. ಹೆಸರಿಗಲ್ಲ. 1872ರ ಕರಾರು ಕಾಯಿದೆಯ ಪ್ರಕಾರ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಭೋಸಲೆ ರಾಜರು ಬಾಬಾರನ್ನು ದೇವರಂತೆ ನಂಬಿದ್ದರು, ಆ ನಂಬಿಕೆಯನ್ನೇ ಸರಕಾರದ ಕಾಗದದ ಮೇಲೆ ರೂಪಾಯಿ ಲೆಕ್ಕದಲ್ಲಿ ಬರೆದುಕೊಟ್ಟರು. ಏನಾದರೂ ಹೆಚ್ಚುಕಮ್ಮಿ ಆದರೆ ನಾನು ಉತ್ತರ ಹೇಳುತ್ತೇನೆ ಅಂತ. ಭಕ್ತಿಗೂ ಕಾಯಿದೆಗೂ ನಡುವೆ ಸೇತುವೆ ಕಟ್ಟುವುದು ಹೇಗೆ ಅಂತ ಇವತ್ತು ದೊಡ್ಡ ದೊಡ್ಡ ಸಮ್ಮೇಳನಗಳಲ್ಲಿ ಮಾತಾಡುತ್ತಾರೆ. ನಾಗಪುರದಲ್ಲಿ ಅದರ ಮೊದಲ ಕಲ್ಲು ಈ ಮುಚ್ಚಳಿಕೆ ಅಂತ ನನ್ನ ಅಭಿಪ್ರಾಯ.

ಬಾಬಾ 1925ರ ಆಗಸ್ಟ್ 17ರಂದು ತೀರಿಕೊಂಡರು. ಸಮಾಧಿ ಇರುವ ತಾಜಬಾಗಕ್ಕೆ ಇವತ್ತಿಗೂ ಎಲ್ಲ ಜಾತಿಯವರೂ ಹೋಗುತ್ತಾರೆ. ಬುದ್ಧಿ ಕೆಟ್ಟವರನ್ನು ಕರೆತರುವವರು ಬಹಳ. ಹುಚ್ಚಾಸ್ಪತ್ರೆಯಲ್ಲಿ ಇದ್ದು ಬಂದವರಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು ಅಂತ ಒಬ್ಬ ಮುದುಕ ನನಗೆ ಹೇಳಿದ್ದ.

ಮೆಹೆರ್ ಬಾಬಾ 1915ರಲ್ಲಿ, ಇನ್ನೂ ಹುಡುಗರಾಗಿದ್ದಾಗ, ತಾಜುದ್ದೀನ್ ಬಾಬಾರನ್ನು ಕಾಣಲು ಬಂದಿದ್ದರು. ಮುಂದೆ ಅವರೇ ದೇವರ ಹುಚ್ಚು ಹಿಡಿದವರನ್ನು, 'ಮಸ್ತ್' ಅನ್ನುವವರನ್ನು, ದೇಶದ ತುಂಬ ಹುಡುಕಿಕೊಂಡು ತಿರುಗಿದರು. 1939ರಲ್ಲಿ ನಮ್ಮ ಬೆಂಗಳೂರಿನಲ್ಲಿ ಅಂಥವರಿಗೊಂದು ಆಶ್ರಮವನ್ನೇ ನಡೆಸಿದರು, ಬೈರಮಂಗಲದಲ್ಲಿ ದೊಡ್ಡ ಕೇಂದ್ರಕ್ಕೆ ಶಂಕುಸ್ಥಾಪನೆಯೂ ಆಯಿತು, ಕೇಂದ್ರ ಮಾತ್ರ ಏಳಲಿಲ್ಲ. ಅವರ ಜೊತೆಗಿದ್ದ ವಿಲಿಯಂ ಡಾಂಕಿನ್ ಎಂಬ ಇಂಗ್ಲಿಷ್ ಡಾಕ್ಟರು ಮಸ್ತರ ವಿವರಗಳನ್ನೆಲ್ಲ 1948ರಲ್ಲಿ ಪುಸ್ತಕ ಮಾಡಿದರು. ಮಸ್ತನಿಗೂ ಹುಚ್ಚನಿಗೂ ವ್ಯತ್ಯಾಸ ಏನು ಅನ್ನುವುದೇ ಅದರ ಮುಖ್ಯ ಪ್ರಶ್ನೆ. ಆ ವ್ಯತ್ಯಾಸ ಹೇಳುವ ಅಧಿಕಾರ ಮಾತ್ರ ಡಾಕ್ಟರದಲ್ಲ, ಗುರುವಿನದು. ಭಕ್ತರಿಗೆ ಅದು ಸಾಕು. ಮನೆಯಲ್ಲಿ ಒಬ್ಬ ಮಗ ರಾತ್ರಿಯೆಲ್ಲ ಗೋಡೆಯ ಜೊತೆ ಮಾತಾಡುತ್ತಿದ್ದರೆ ಆ ತಾಯಿಗೆ ಸಾಕಾಗುವುದಿಲ್ಲ.

ಅಂಥ ಒಬ್ಬ ತಾಯಿಯನ್ನು ನಾನು ಹತ್ತಿರದಿಂದ ಕಂಡೆ. ನಮ್ಮ ಬ್ರಾಂಚಿನಲ್ಲಿ ಅಫಜಲಪುರ ತಾಲೂಕಿನ ಒಬ್ಬ ಕ್ಯಾಶಿಯರ್ ಇದ್ದ. 2004ರ ಹೊತ್ತಿಗೆ ಅವನ ತಮ್ಮನಿಗೆ ಕಾಯಿಲೆ ಶುರುವಾಯಿತು. ಇಪ್ಪತ್ತೆರಡು ವರ್ಷದ ಹುಡುಗ. ತಾಯಿ ಊರಿನಿಂದ ಹುಡುಗನನ್ನು ಕರೆದುಕೊಂಡು ನಾಗಪುರಕ್ಕೇ ಬಂದಿದ್ದಳು. ಬರುವ ಮೊದಲು ಗಾಣಗಾಪುರದಲ್ಲಿ ಸೇವೆ ಆಗಿತ್ತು. ಗಾಣಗಾಪುರದ ದತ್ತನ ಸನ್ನಿಧಿಯಲ್ಲಿ ಮಧ್ಯಾಹ್ನದ ಆರತಿ ಹೊತ್ತಿಗೆ ಮೈಮೇಲೆ ಬಂದವರು ಕಂಬ ಏರುವುದು, ಕಂಬಿಗೆ ಜೋತು ಬೀಳುವುದು, ಕಿರಚುವುದು ನೋಡಿದವರಿಗೆ ಗೊತ್ತು. ವಿಚಿತ್ರ ಅಂದರೆ ಅಲ್ಲಿಗೆ ಬರುವವರಲ್ಲಿ ಬಹಳ ಮಂದಿ ಮಹಾರಾಷ್ಟ್ರದವರು. ಅವರು ನಮ್ಮೂರಿಗೆ, ನಮ್ಮವರು ಇವರೂರಿಗೆ. ದೆವ್ವ ಬಿಡಿಸಲು ಪರವೂರೇ ಆಗಬೇಕೇನೋ, ತನ್ನೂರಿನಲ್ಲಿ ಮರ್ಯಾದೆಯ ಪ್ರಶ್ನೆ ಇರುತ್ತದೆ.

ಆಕೆ ಗುರುವಾರ ಗುರುವಾರ ಹುಡುಗನನ್ನು ತಾಜಬಾಗಕ್ಕೆ ಕರೆದೊಯ್ಯತೊಡಗಿದಳು. ಅಣ್ಣ ಧಂತೋಲಿಯ ಒಬ್ಬ ಮನೋವೈದ್ಯರಿಗೆ ತೋರಿಸಿದ. ಗುಳಿಗೆ ಬಂತು. ಅವರ ಜೊತೆ ಕೆಲಸ ಮಾಡುವ ಒಬ್ಬ ಮರಾಠಿ ಹೆಣ್ಣುಮಗಳು ಕ್ಲಿನಿಕಲ್ ಸೈಕಾಲಜಿಸ್ಟ್, ವಾರಕ್ಕೊಮ್ಮೆ ಹುಡುಗನ ಜೊತೆ, ತಾಯಿಯ ಜೊತೆ ಕೂತು ಮಾತಾಡಬೇಕು ಅಂತ ಆಯಿತು. ಇಲ್ಲಿ ತೊಡಕು. ಹುಡುಗನಿಗೆ ಅಷ್ಟಿಷ್ಟು ಹಿಂದಿ. ತಾಯಿಗೆ ಕನ್ನಡ ಬಿಟ್ಟರೆ ಒಂದಕ್ಷರ ಇಲ್ಲ. ಅಣ್ಣ ಹೇಳುವಾಗ ಅಳುತ್ತಾನೆ, ಅರ್ಧ ನುಂಗುತ್ತಾನೆ. "ಸಾಹೇಬ್ರ, ನೀವ್ ಬರ್ರಿ" ಅಂದ. ಹೀಗೆ ಎಂ.ಕಾಂ. ಓದಿದ ನಾನು ಮೂರು ತಿಂಗಳು ಶನಿವಾರ ಶನಿವಾರ ದುಭಾಷಿಯಾದೆ.

ಮಾತಿನಿಂದ ಮಾಡುವ ಚಿಕಿತ್ಸೆಗೆ ಮಾತೇ ಇಲ್ಲದಿದ್ದರೆ ಏನು ಮಾಡುವುದು? ಆಕೆ "ಹೊಟ್ಟಿಯಾಗ ಕಳವಳ ಆಗ್ತದ" ಅಂದರೆ ನಾನು ಹಿಂದಿಯಲ್ಲಿ 'ಘಬರಾಹಟ್' ಅನ್ನುತ್ತಿದ್ದೆ. ಕಳವಳ ಪೂರ್ತಿ ದಾಟುತ್ತಿರಲಿಲ್ಲ. "ಅವಗ ಗಾಳಿ ಬಡದದ್ರಿ" ಅಂದದ್ದಕ್ಕೆ ಹವಾ ಲಗೀ ಅಂದೆ. ಮರಾಠಿಯವರಿಗೆ 'ಬಾಹೇರಚೀ ಬಾಧಾ' ಅನ್ನುವ ಮಾತು ಗೊತ್ತು, ಅದನ್ನು ಹೇಳಿದಾಗ ಸೈಕಾಲಜಿಸ್ಟ್ ಬಾಯಿ ತಲೆ ಆಡಿಸಿದರು. ದರ್ಗಾದಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಆಕೆ ಜಾಲಿಯ ಮುಂದೆ ಕೂತು ಅಚ್ಚ ಕನ್ನಡದಲ್ಲಿ ಗಂಟೆಗಟ್ಟಲೆ ಬಾಬಾನ ಜೊತೆ ಮಾತಾಡುತ್ತಿದ್ದಳು. "ಅವಗ ಎಲ್ಲಾ ತಿಳೀತದ" ಅನ್ನುತ್ತಿದ್ದಳು. ಪರಊರಿನಲ್ಲಿ ಆಕೆಯ ಭಾಷೆ ತಿಳಿಯುವವರು ಮನೆಯವರನ್ನು ಬಿಟ್ಟರೆ ಆ ಸಮಾಧಿಯಲ್ಲಿ ಇದ್ದವರೊಬ್ಬರೇ.

ಆ ಬಾಯಿಯವರು ತಾಜಬಾಗಕ್ಕೆ ಹೋಗಬೇಡಿ ಅನ್ನಲಿಲ್ಲ. ಅಲ್ಲಿ ಏನು ಬೇಡಿಕೊಳ್ಳುತ್ತೀರಿ ಅಂತ ತಾಯಿಯನ್ನು ಕೇಳಿದರು. ಅಲ್ಲಿ ಕೂತಾಗ ಆ ದನಿಗಳು ಹೆಚ್ಚಾಗುತ್ತವೋ ಕಡಿಮೆಯೋ ಅಂತ ಹುಡುಗನನ್ನು ಕೇಳಿದರು. ಹುಡುಗ, ಅಲ್ಲಿ ಯಾರೂ ನನ್ನ ದಿಟ್ಟಿಸಿ ನೋಡೂದಿಲ್ಲ, ಅಂದ. ಅಷ್ಟು ಸ್ಪಷ್ಟವಾಗಿ ಅವನು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಗುಳಿಗೆ ನುಂಗಲು ಹಟ ಮಾಡುತ್ತಿದ್ದ ಅವನಿಗೆ, ತಾಯಿ ಗುಳಿಗೆಯ ಹಾಳೆಯನ್ನು ಚಾದರದ ಮೇಲಿಟ್ಟು ತಂದು ಪ್ರಸಾದ ಅಂತ ಕೊಡತೊಡಗಿದಳು. ಇದನ್ನು ಹೇಳುವಾಗ ನನಗೇ ಅಳುಕಿತ್ತು. ಬಾಯಿಯವರು ನಕ್ಕು, ದಿನ ತಪ್ಪದಿದ್ದರೆ ಸಾಕು, ಯಾರ ಹೆಸರಿನಲ್ಲಿ ನುಂಗಿದರೂ ಔಷಧ ಒಂದೇ ಅಂದರು. ಎರಡು ಮಾತು ಮಾತ್ರ ಗಟ್ಟಿಯಾಗಿ ಹೇಳಿದರು. ಉಪವಾಸ ಅಂತ ಗುಳಿಗೆ ಬಿಡಬಾರದು. ಯಾರು ಹೇಳಿದರೂ ಹುಡುಗನನ್ನು ಕಟ್ಟಬಾರದು.

ಒಂದು ಶನಿವಾರ ತಾಯಿ, "ಬಾಯಿ, ನೀವೂ ಅವನ ತಲಿ ಮ್ಯಾಲ ಕೈ ಇಟ್ಟು ಒಂದ್ ಮಂತ್ರ ಹೇಳ್ರಿ, ನಿಮ್ಮ ಕೈಗುಣ ಛಲೋ ಅದ" ಅಂದಳು. ನಾನು ದಾಟಿಸಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಅದು ನನ್ನ ಕೆಲಸ ಅಲ್ಲ ಆಯಿ, ಅದಕ್ಕೆ ನೀವು ತಾಜಬಾಗಕ್ಕೆ ಹೋಗಿ, ಇಲ್ಲಿ ನಾನು ಕೇಳಿಸಿಕೊಳ್ಳುವವಳು, ಅಂದರು. ತಾಯಿಗೆ ಆಗ ಬೇಸರವಾಯಿತು. ನನಗೆ ಮಾತ್ರ ಆ ನಿರಾಕರಣೆಯಲ್ಲಿ ಆಕೆಯ ಓದು ಕಾಣಿಸಿತು. ನಂಬಿಕೆಗೆ ಜಾಗ ಬಿಡುವುದು ಬೇರೆ, ನಂಬಿಕೆಯ ಅಂಗಡಿ ತೆರೆಯುವುದು ಬೇರೆ. 2016ರಲ್ಲಿ ಜಾಗತಿಕ ಮನೋವೈದ್ಯ ಸಂಘ ಹೊರಡಿಸಿದ ಹೇಳಿಕೆಯಲ್ಲಿ ಹೆಚ್ಚುಕಡಿಮೆ ಇದೇ ಇದೆ: ರೋಗಿಯ ಧರ್ಮ, ನಂಬಿಕೆ ಕೇಳಿ ತಿಳಿಯಿರಿ, ಗೌರವಿಸಿ, ಆದರೆ ವೈದ್ಯನ ಕುರ್ಚಿಯಲ್ಲಿ ಕೂತು ನಿಮ್ಮ ಧರ್ಮ ಹೇರಬೇಡಿ.

ಈ ವಿಚಾರ ನಮ್ಮ ದೇಶಕ್ಕೆ ಹೊರಗಿನಿಂದ ಬಂದದ್ದಲ್ಲ. ಅಮೃತಸರದ ವಿದ್ಯಾಸಾಗರ ಎಂಬ ಡಾಕ್ಟರು 1950ರ ದಶಕದಲ್ಲೇ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನೂ ಜೊತೆಗೇ ಇರಿಸಿಕೊಂಡರು. ಬೆಂಗಳೂರಿನ ಸಂಸ್ಥೆಯ (ಅದೇ ಮುಂದೆ 1974ರಲ್ಲಿ ನಿಮ್ಹಾನ್ಸ್ ಆಯಿತು) ನಿರ್ದೇಶಕರಾಗಿದ್ದ ಎನ್.ಸಿ. ಸೂರ್ಯ 1964ರಲ್ಲೇ ಒಂದು ಪ್ರಬಂಧದಲ್ಲಿ ಜಯರಾಂ ಅವರೊಡನೆ ಸೇರಿ ಬರೆದರು: ನಮ್ಮ ಜನ ಮನಸ್ಸಿನ ಒಳಗಿನ ವಿಶ್ಲೇಷಣೆ ಕೇಳಿ ಬರುವುದಿಲ್ಲ, ಆಸರೆ ಕೇಳಿ ಬರುತ್ತಾರೆ. ಸೂರ್ಯ ಮುಂದೆ ಪಾಂಡಿಚೇರಿಯ ಅರವಿಂದಾಶ್ರಮ ಸೇರಿದರು. 1973ರಲ್ಲಿ ಜೆ.ಎಸ್. ನೇಕಿ ಗುರು-ಚೇಲಾ ಸಂಬಂಧವೇ ಚಿಕಿತ್ಸೆಗೆ ಮಾದರಿ ಆಗಬಹುದೇ ಅಂತ ಕೇಳಿದರು. ಎನ್.ಎನ್. ವಿಗ್ 2004ರಲ್ಲಿ ಹನುಮಂತನ ಕಥೆ ಹಿಡಿದರು: ತನ್ನ ಬಲ ತಾನೇ ಮರೆತವನಿಗೆ ಜಾಂಬವಂತ ನೆನಪಿಸಿದ್ದು, ಮಾತಿನ ಚಿಕಿತ್ಸೆ ಅಂದರೆ ಅದೇ ಅಂತ. ನನಗೆ ಇವುಗಳಲ್ಲೆಲ್ಲ ಜಾಂಬವಂತನೇ ಹಿಡಿಸಿದ.

ನಿಮ್ಹಾನ್ಸಿನ ರಘುರಾಂ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ಗುಡಿಯಲ್ಲಿ ಉಳಿಯಲು ಬಂದ 31 ಮಂದಿಯನ್ನು ಅಳತೆಗೋಲು ಹಿಡಿದು ಪರೀಕ್ಷಿಸಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಪ್ರಕಟಿಸಿದರು. ಅಲ್ಲಿ ದೆವ್ವ ಬಿಡಿಸುವುದು ಇಲ್ಲ, ಗುಳಿಗೆ ಇಲ್ಲ. ಗುಡಿಯ ಕೆಲಸ ಮಾಡಿಕೊಂಡು ಮನೆಯವರ ಜೊತೆ ಇರುವುದು ಅಷ್ಟೇ. ಕಾಯಿಲೆಯ ಲಕ್ಷಣ ಸುಮಾರು ಶೇಕಡ 20ರಷ್ಟು ತಗ್ಗಿತ್ತು. ಸಣ್ಣ ಅಧ್ಯಯನ, ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ, ಇದನ್ನು ಹಿಡಿದು ಗುಳಿಗೆ ಬಿಸಾಡಿ ಅನ್ನುವವರಿಗೆ ಬುದ್ಧಿ ಇಲ್ಲ. ಆದರೆ ಗುಡಿಗೆ ಹೋಗುವವರೆಲ್ಲ ಮೂಢರು ಅನ್ನುವವರಿಗೂ ಅದು ಒಂದು ಉತ್ತರ.

ಅದಕ್ಕೆ ಹಿಂದಿನ ವರ್ಷವೇ, 2001ರ ಆಗಸ್ಟ್ 6ರಂದು, ಅದೇ ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ನೆರಳಿನಲ್ಲಿ ನಡೆಯುತ್ತಿದ್ದ ಒಂದು ಖಾಸಗಿ ಮನೆಗೆ ಬೆಂಕಿ ಬಿದ್ದು 28 ಜನ ಸತ್ತರು. ಕಾಲಿಗೆ ಸರಪಳಿ ಇತ್ತು, ಓಡಲಾಗಲಿಲ್ಲ. ನನ್ನ ಮಟ್ಟಿಗೆ ಈ ಚರ್ಚೆ ಇಲ್ಲಿಗೆ ಬಂದು ನಿಲ್ಲುತ್ತದೆ. ಅಲ್ಲಿಗೆ ಮಕ್ಕಳನ್ನು ಬಿಟ್ಟುಹೋದವರಿಗೂ ನಂಬಿಕೆ ಇತ್ತು. ಜಾಮೀನು ಯಾರದೂ ಇರಲಿಲ್ಲ. ಭೋಸಲೆ ರಾಜರ ಕಾಗದದಂಥದು ಒಂದು ಕಾಗದವೂ ಇರಲಿಲ್ಲ.

ಆಮೇಲೆ ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 'ದವಾ-ದುವಾ' ಅಂತ ಏರ್ಪಾಡು ಬಂತು. ಮುಜಾವರರಿಗೆ ತರಬೇತಿ ಕೊಟ್ಟು, ದರ್ಗಾದ ಆವರಣದಲ್ಲೇ ಮನೋವೈದ್ಯರನ್ನು ಕೂಡಿಸಿದರು. ದುವಾ ಮಾಡಿದ ಮುಜಾವರನೇ ದವಾ ತಗೊಳ್ಳಲು ಕಳಿಸುತ್ತಾನೆ. ಡಾಕ್ಟರ ಮಾತು ಕೇಳದವರೂ ಮುಜಾವರನ ಮಾತು ಕೇಳುತ್ತಾರೆ. ನಾಗಪುರದಲ್ಲಿ ನೂರು ವರ್ಷದ ಹಿಂದೆ ಆಸ್ಪತ್ರೆಯೊಳಗೆ ದರಬಾರು ಹುಟ್ಟಿತ್ತು, ಉನಾವಾದಲ್ಲಿ ದರ್ಗಾದೊಳಗೆ ಆಸ್ಪತ್ರೆ ಹುಟ್ಟಿತು.

ಕಾಯಿದೆಗಳೂ ಬಂದವು. ಶ್ಯಾಮ ಮಾನವ್ 1982ರಲ್ಲಿ ಅಂಧಶ್ರದ್ಧಾ ನಿರ್ಮೂಲನ ಸಮಿತಿ ಕಟ್ಟಿದ್ದು ಇದೇ ನಾಗಪುರದಲ್ಲಿ. ಆ ಚಳವಳಿಯಲ್ಲೇ ದುಡಿದ ಡಾ. ನರೇಂದ್ರ ದಾಭೋಲ್ಕರ್ 2013ರಲ್ಲಿ ಕೊಲೆಯಾದ ಮೇಲೆಯೇ ಮಹಾರಾಷ್ಟ್ರದ ಕಾಯಿದೆ ಆದದ್ದು. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟುವುದು, ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು ಅಪರಾಧವಾಯಿತು. ಕರ್ನಾಟಕದ್ದು 2017ರ ಕಾಯಿದೆ, ಜಾರಿಯಾದದ್ದು 2020ರಲ್ಲಿ. ಇವೆರಡೂ ಪ್ರಾರ್ಥನೆಯನ್ನು ತಡೆಯುವುದಿಲ್ಲ, ಪೆಟ್ಟನ್ನು ತಡೆಯುತ್ತವೆ. ಮಾತಿನ ಚಿಕಿತ್ಸೆ ಮಾಡುವವರಿಗೂ ಲೆಕ್ಕ ಇದೆ: ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಲು 1992ರ ಕಾಯಿದೆಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಬೇಕು. ಬೋರ್ಡು ತೂಗುಹಾಕಿದ ಕೌನ್ಸೆಲರುಗಳ ಮೇಲೆ ಬಹಳ ವರ್ಷ ಯಾರ ಹಿಡಿತವೂ ಇರಲಿಲ್ಲ, 2021ರ ಕಾಯಿದೆ ಅವರನ್ನೂ ಪುಸ್ತಕಕ್ಕೆ ತರಲು ಹೊರಟಿದೆ. ನೋಂದಣಿ ಅಂದರೆ ಜಾಣತನದ ಸರ್ಟಿಫಿಕೇಟು ಅಂತ ಜನ ತಿಳಿಯುತ್ತಾರೆ. ಅಲ್ಲ. ತಪ್ಪಿದರೆ ಯಾರನ್ನು ಹಿಡಿಯಬೇಕು ಅನ್ನುವುದರ ವಿಳಾಸ ಅದು.

2017ರ ಮಾನಸಿಕ ಆರೋಗ್ಯ ಕಾಯಿದೆ ಜಾರಿಗೆ ಬಂದದ್ದು 2018ರಲ್ಲಿ. ಸರಪಳಿ ಹಾಕುವುದನ್ನು ಅದು ನೇರವಾಗಿ ನಿಷೇಧಿಸಿತು. ಅದರ ಮೂರನೆಯ ಕಲಮನ್ನು ಓದುವಾಗ ನನಗೆ ಕಾಮಠಿಯ ಬೀದಿ ನೆನಪಾಯಿತು. ತನ್ನ ಸಮುದಾಯದ ನೀತಿ, ಸಾಮಾಜಿಕ ಮೌಲ್ಯ, ಧಾರ್ಮಿಕ ನಂಬಿಕೆಗಳಿಗೆ ಒಬ್ಬ ಹೊಂದಿಕೊಳ್ಳಲಿಲ್ಲ ಅನ್ನುವುದು ಅವನಿಗೆ ಮಾನಸಿಕ ಕಾಯಿಲೆ ಇದೆ ಅನ್ನಲು ಆಧಾರವಾಗಕೂಡದು ಅಂತ ಅಲ್ಲಿದೆ. 1892ರ ಮ್ಯಾಜಿಸ್ಟ್ರೇಟರ ಮೇಜಿನ ಮೇಲೆ ಈ ಕಲಮು ಇದ್ದಿದ್ದರೆ ಬಾಬಾರನ್ನು ಅಷ್ಟು ಸುಲಭವಾಗಿ ಒಳಗೆ ಕಳಿಸಲಾಗುತ್ತಿರಲಿಲ್ಲ. ಪಾಗಲಖಾನಾ ಶರೀಫೂ ಇರುತ್ತಿರಲಿಲ್ಲ, ಬಿಡಿ.

ಆ ಹುಡುಗ ಏಳೆಂಟು ತಿಂಗಳಲ್ಲಿ ತಕ್ಕಮಟ್ಟಿಗೆ ಸುಧಾರಿಸಿದ. ಯಾವುದರಿಂದ ಅಂತ ಮನೆಯಲ್ಲಿ ಇನ್ನೂ ಒಮ್ಮತವಿಲ್ಲ. ಅಣ್ಣ ಗುಳಿಗೆ ಅನ್ನುತ್ತಾನೆ, ತಾಯಿ ಇರುವತನಕ ಬಾಬಾ ಅನ್ನುತ್ತಿದ್ದಳು. ಹುಡುಗನನ್ನು ಒಮ್ಮೆ ನಾನೇ ಕೇಳಿದೆ. "ಆ ಬಾಯಿ ನನ್ನ ಮಾತ್ ಕೇಳಿಸ್ಕೊಂಡ್ರು ನೋಡ್ರಿ" ಅಂದ. ಈಗ ಅವನು ಊರಲ್ಲಿ ಹೊಲ ನೋಡಿಕೊಂಡಿದ್ದಾನೆ, ನಲವತ್ತು ದಾಟಿದೆ. ತಿಂಗಳಿಗೊಮ್ಮೆ ಕಲಬುರ್ಗಿಗೆ ಹೋಗಿ ಡಾಕ್ಟರನ್ನು ಕಾಣುತ್ತಾನೆ, ಅವತ್ತೇ ಬಂದೇನವಾಜರ ದರ್ಗಾಕ್ಕೂ ಹೋಗಿ ಬರುತ್ತಾನೆ. ಎರಡೂ ಒಂದೇ ದಿನ ಯಾಕೋ ಅಂದರೆ, "ಬಸ್ ಚಾರ್ಜ್ ಒಂದ್ರಾಗೇ ಮುಗೀತದಲ್ರಿ ಸಾಹೇಬ್ರ" ಅನ್ನುತ್ತಾನೆ.